ಸಾಲಿ ಬಿಟ್ಟ ಮೇಲಿನ ಎರಡು ತಾಸು

ಬೀದರ್ ಜಿಲ್ಲೆಯ ಔರಾದ್ ಸೀಮೆಯ ಹಳ್ಳಿಗಳಲ್ಲಿ ಸರ್ಕಾರಿ ಸಾಲಿ ಬಿಡುವುದು ಸಂಜೆ ನಾಲ್ಕೂವರೆಯ ಆಸುಪಾಸಿಗೆ. ಅಪ್ಪ ಅವ್ವ ಹೊಲದಿಂದ, ಕೂಲಿಯಿಂದ ಮನೆ ಸೇರುವುದು ಹೊತ್ತು ಮುಳುಗುವಾಗ. ಹೆಸರು, ಉದ್ದಿನ ರಾಶಿ ನಡೆಯುವಾಗ, ಸೋಯಾ ಕೊಯ್ಲಿನಲ್ಲಿ, ತೊಗರಿ ಬಡಿಯುವ ದಿನಗಳಲ್ಲಿ ಇನ್ನೂ ತಡ. ಡಾಬಕಾದಂಥ ಊರಿನಲ್ಲಿ ಈ ನಡುವಿನ ಎರಡು ತಾಸು ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ನಾವು ಗಟ್ಟಿಯಾಗಿ ಕೇಳಿಕೊಂಡೇ ಇಲ್ಲ. ತೀರ ಸಣ್ಣ ಕೂಸುಗಳಿಗೆ ಗ್ರಾಮ ಪಂಚಾಯಿತಿಯ ‘ಕೂಸಿನ ಮನೆ’ ಬಂದಿದೆ, ಮೂರರಿಂದ ಆರು ವರ್ಷದವರಿಗೆ ಅಂಗನವಾಡಿ ಇದೆ. ಆರು ದಾಟಿದ ಮಗುವಿಗೆ ಸಾಲಿಯೇ ಎಲ್ಲ ಎಂದು ವ್ಯವಸ್ಥೆ ತಿಳಿದಂತಿದೆ. ಸಾಲಿಯ ಬಾಗಿಲು ಹಾಕಿದ ಮೇಲೆ ಆ ಮಗು ಎಲ್ಲಿರಬೇಕು? ಪಟ್ಟಣದಲ್ಲಿ ದುಡ್ಡಿದ್ದವರು ಟ್ಯೂಷನ್ನಿಗೆ ಕಳಿಸುತ್ತಾರೆ. ಹಳ್ಳಿಯಲ್ಲಿ ಅಜ್ಜಿ ಇದ್ದರೆ ಅಜ್ಜಿ, ಇಲ್ಲವಾದರೆ ಹತ್ತು ವರ್ಷದ ಅಕ್ಕ ಆರು ವರ್ಷದ ತಮ್ಮನನ್ನು ನೋಡಿಕೊಳ್ಳುತ್ತಾಳೆ. ಈಚೆಗೆ ಈ ಕೆಲಸವನ್ನು ಮನೆಯಲ್ಲಿ ಬಿದ್ದಿರುವ ಮೊಬೈಲೂ ಮಾಡುತ್ತಿದೆ.

ಈ ಹೊತ್ತಿಗೆ ಒದಗಬಹುದಾದ ಜಾಗವೊಂದು ಕರ್ನಾಟಕದ ಹಳ್ಳಿಗಳಲ್ಲಿ ಈಗಾಗಲೇ ಇದೆ: ಗ್ರಾಮ ಪಂಚಾಯಿತಿ ಗ್ರಂಥಾಲಯ. 2019ರಲ್ಲಿ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೊರೊನಾ ಕಾಲದಲ್ಲಿ ಸಾಲಿಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಆಮೇಲೆ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರು ಬಂತು, ಅನೇಕ ಕಡೆ ಕಂಪ್ಯೂಟರುಗಳೂ ಬಂದವು. ಹೀಗಾಗಿ ಕಟ್ಟಡದಿಂದ ಶುರುಮಾಡಬೇಕಾದ ಕಷ್ಟ ಬಹುತೇಕ ಊರುಗಳಿಗಿಲ್ಲ. ಬೇಕಾಗಿರುವುದು ಇದೇ ಕೇಂದ್ರದ ಒಂದು ಗೋಡೆಯ ಉದ್ದಕ್ಕೆ ಮಕ್ಕಳದ್ದೇ ಆದ ಕಂಪ್ಯೂಟರ್ ಮೂಲೆ, ಅದಕ್ಕೊಂದು ಹೊತ್ತು, ಆ ಹೊತ್ತಿನಲ್ಲಿ ಅಲ್ಲೇ ಇರುವ ಒಬ್ಬ ಮನುಷ್ಯ. ಈ ಮೂರರಲ್ಲಿ ನಾವು ಸಾಮಾನ್ಯವಾಗಿ ಮೊದಲನೆಯದಕ್ಕೆ ಎಲ್ಲ ಹಣ ಸುರಿದು, ಎರಡನೆಯದನ್ನು ಗೋಡೆಯ ಮೇಲೆ ಬರೆದು, ಮೂರನೆಯದನ್ನು ಮರೆಯುತ್ತೇವೆ. ಕ್ರಮ ತಿರುಗಬೇಕು. ಮೊದಲು ಮನುಷ್ಯ, ಆಮೇಲೆ ಹೊತ್ತು, ಕಡೆಗೆ ಯಂತ್ರ. ಹಾಗೆ ಹೇಳಲು ಬಲವಾದ ಪುರಾವೆಗಳಿವೆ.

ಗುಜರಾತಿನ ವಡೋದರ ನಗರದ ಕಥೆ ಇಲ್ಲಿ ತುಂಬ ಬೆಲೆಯುಳ್ಳದ್ದು. 2000ದಲ್ಲಿ ಅಲ್ಲಿನ ಸರ್ಕಾರ ನಗರಪಾಲಿಕೆಯ ನೂರು ಪ್ರಾಥಮಿಕ ಶಾಲೆಗಳಿಗೆ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತು. ಎರಡು ವರ್ಷ ಕಳೆದರೂ ಅವುಗಳಲ್ಲಿ ಹೆಚ್ಚಿನವು ಬಳಕೆಗೆ ಬಂದಿರಲಿಲ್ಲ. ಆಗ ‘ಪ್ರಥಮ್’ ಎಂಬ ಸ್ವಯಂಸೇವಾ ಸಂಸ್ಥೆ ಊರಿನ ಯುವಜನರನ್ನೇ ಆರಿಸಿ, ಕೆಲವೇ ದಿನ ತರಬೇತಿ ಕೊಟ್ಟು, ಆ ಕಂಪ್ಯೂಟರುಗಳ ಪಕ್ಕ ನಿಲ್ಲಿಸಿತು. ನಾಲ್ಕನೇ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡೇ ಗಂಟೆ ಗಣಿತದ ಆಟಗಳು. ಒಂದು ಗಂಟೆ ಶಾಲೆಯ ವೇಳೆಯಲ್ಲಿ, ಇನ್ನೊಂದು ಗಂಟೆ ಶಾಲೆಗೆ ಮುಂಚೆ ಇಲ್ಲವೇ ಬಿಟ್ಟ ಮೇಲೆ. ಒಂದು ಕಂಪ್ಯೂಟರಿಗೆ ಇಬ್ಬರು ಮಕ್ಕಳು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ನೂರಕ್ಕೂ ಹೆಚ್ಚು ಶಾಲೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದರು. ಮಕ್ಕಳ ಗಣಿತದ ಅಂಕಗಳು ಸ್ಪಷ್ಟವಾಗಿ ಏರಿದ್ದವು. ಯಂತ್ರ ಅದೇ, ಶಾಲೆ ಅದೇ. ಹೊಸದಾಗಿ ಬಂದದ್ದು ಒಬ್ಬ ಮನುಷ್ಯ ಮತ್ತು ಒಂದು ವೇಳಾಪಟ್ಟಿ. ಅದೇ ಅಧ್ಯಯನ ಇನ್ನೆರಡು ಸಂಗತಿಗಳನ್ನು ಮುಚ್ಚಿಡದೆ ಹೇಳಿತು: ಭಾಷೆಯ ಕಲಿಕೆಯಲ್ಲಿ ಹೆಚ್ಚಳ ಕಾಣಲಿಲ್ಲ, ಕಾರ್ಯಕ್ರಮ ನಿಂತ ಒಂದು ವರ್ಷದ ಮೇಲೆ ಗಣಿತದಲ್ಲಿ ಗಳಿಸಿದ್ದರಲ್ಲಿ ಬಹುಪಾಲು ಕರಗಿತ್ತು. ಒಂದು ವರ್ಷ ನಡೆಸಿ ಫೋಟೊ ತೆಗೆಸಿಕೊಂಡು ಬಿಟ್ಟುಬಿಡುವ ಯೋಜನೆಯಿಂದ ಹೆಚ್ಚೇನನ್ನೂ ನಿರೀಕ್ಷಿಸಬಾರದು ಎಂಬ ಎಚ್ಚರಿಕೆ ಅದರಲ್ಲಿದೆ.

ಇದಕ್ಕಿಂತಲೂ ನೇರವಾದ ಉತ್ತರ ಗುಜರಾತಿನದೇ ಇನ್ನೊಂದು ಪರೀಕ್ಷೆಯಲ್ಲಿ ಸಿಗುತ್ತದೆ. ‘ಜ್ಞಾನ ಶಾಲಾ’ ಸಂಸ್ಥೆಯ ಶಾಲೆಗಳಲ್ಲಿ ಲೀ ಲಿಂಡನ್ ಎಂಬ ಅರ್ಥಶಾಸ್ತ್ರಜ್ಞ ಒಂದೇ ಬಗೆಯ ಕಂಪ್ಯೂಟರ್ ಕಾರ್ಯಕ್ರಮವನ್ನು ಎರಡು ರೀತಿಯಲ್ಲಿ ನಡೆಸಿ ನೋಡಿದರು. ಒಂದು ಗುಂಪಿನ ಮಕ್ಕಳನ್ನು ಪಾಠದ ನಡುವೆಯೇ ಎಬ್ಬಿಸಿ ಕಂಪ್ಯೂಟರಿಗೆ ಕೂರಿಸಲಾಯಿತು. ಇನ್ನೊಂದು ಗುಂಪಿಗೆ ಪಾಠದ ಹೊತ್ತಿನ ಹೊರಗೆ ಹೆಚ್ಚುವರಿಯಾಗಿ ಅದನ್ನು ಕೊಡಲಾಯಿತು. ಪಾಠ ಬಿಡಿಸಿ ಕೂರಿಸಿದ ಮಕ್ಕಳು ಕಲಿಕೆಯಲ್ಲಿ ಹಿಂದೆ ಬಿದ್ದರು, ಪಾಠದ ಹೊತ್ತಿನ ಹೊರಗೆ ಕೂತವರು ಮುಂದೆ ಬಂದರು. ಅವರಲ್ಲಿಯೂ ಹೆಚ್ಚು ಲಾಭ ಪಡೆದವರು ಅದುವರೆಗೆ ಹಿಂದುಳಿದಿದ್ದವರು. ಈ ಫಲಿತಾಂಶವನ್ನು ನಮ್ಮ ಶಿಕ್ಷಣ ಇಲಾಖೆಗಳು ಗೋಡೆಗೆ ತೂಗುಹಾಕಿಕೊಳ್ಳಬೇಕು. ಒಳ್ಳೆಯ ಮೇಷ್ಟ್ರ ಪಾಠದ ಹೊತ್ತನ್ನು ಕಿತ್ತು ಕಂಪ್ಯೂಟರಿಗೆ ಕೊಟ್ಟರೆ ಮಗುವಿಗೆ ನಷ್ಟ. ಯಾರೂ ಪಾಠ ಮಾಡದ, ಯಾರೂ ಕೇಳದ ಹೊತ್ತನ್ನು ಕೊಟ್ಟರೆ ಲಾಭ. ಸಾಲಿ ಬಿಟ್ಟ ಮೇಲಿನ ಎರಡು ತಾಸು ಅಂಥದೇ ಹೊತ್ತು.

ದೆಹಲಿಯಲ್ಲಿ ‘ಮೈಂಡ್‌ಸ್ಪಾರ್ಕ್’ ಎಂಬ ಕಲಿಕಾ ತಂತ್ರಾಂಶದ ಕೇಂದ್ರಗಳ ಬಗ್ಗೆ ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂದ್ರೊ ಗಾನಿಮಿಯಾನ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತನ್ನು ಇನ್ನೂ ಗಟ್ಟಿಮಾಡಿತು. ಅವು ಶಾಲೆಯ ವೇಳೆಯ ಹೊರಗೆ ನಡೆಯುತ್ತಿದ್ದ ಕೇಂದ್ರಗಳೇ. ವಾರಕ್ಕೆ ಆರು ದಿನ, ದಿನಕ್ಕೆ ತೊಂಬತ್ತು ನಿಮಿಷ. ಅರ್ಧ ಹೊತ್ತು ಮಗು ಕಂಪ್ಯೂಟರಿನ ಮುಂದೆ, ಉಳಿದರ್ಧ ಹೊತ್ತು ಸಣ್ಣ ಗುಂಪಿನಲ್ಲಿ ಒಬ್ಬ ಸಹಾಯಕನ ಜೊತೆ. ನಾಲ್ಕೂವರೆ ತಿಂಗಳಲ್ಲಿಯೇ ಗಣಿತದಲ್ಲೂ ಹಿಂದಿಯಲ್ಲೂ ಮಕ್ಕಳು ಒಳ್ಳೆಯ ಪ್ರಗತಿ ತೋರಿದರು. ಕಾರಣವೂ ಅಧ್ಯಯನದಲ್ಲಿದೆ. ಅಲ್ಲಿಗೆ ಬಂದ ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ತರಗತಿಯಲ್ಲಿ ಮೇಷ್ಟ್ರು ಆರನೆಯದರ ಭಿನ್ನರಾಶಿ ಹೇಳುತ್ತಿದ್ದರೆ ಮಗುವಿಗೆ ಇನ್ನೂ ಕಳೆಯುವ ಲೆಕ್ಕದಲ್ಲಿ ದಶಕ ಎರವಲು ತರುವುದು ಬರುತ್ತಿರಲಿಲ್ಲ. ಮಗು ಎಲ್ಲಿದೆಯೋ ಅಲ್ಲಿಂದ ಲೆಕ್ಕ ಕೊಡುವ ಕೆಲಸವನ್ನು ತಂತ್ರಾಂಶ ಮಾಡಿತು. ಬಹುತರಗತಿ ಬೋಧನೆಯ ನಮ್ಮ ಸಾಲಿಗಳಲ್ಲಿ ಒಬ್ಬ ಶಿಕ್ಷಕಿ ಎಷ್ಟೇ ದುಡಿದರೂ ಮೂವತ್ತು ಮಕ್ಕಳಿಗೆ ಮೂವತ್ತು ಮಟ್ಟದ ಲೆಕ್ಕ ಕೊಡಲಾರಳು. ಕಂಪ್ಯೂಟರಿನ ನಿಜವಾದ ಉಪಯೋಗ ಇಷ್ಟೇ, ಮತ್ತು ಇಷ್ಟು ಸಾಕು.

ಹಾಗಾದರೆ ಮನುಷ್ಯನೇ ಬೇಡ, ಮಕ್ಕಳು ತಾವೇ ಕಲಿಯುತ್ತಾರೆ ಎನ್ನುವವರೂ ಇದ್ದಾರೆ. ಅವರ ಕೈಯಲ್ಲಿರುವ ಉದಾಹರಣೆ 1999ರ ಜನವರಿಯಲ್ಲಿ ಸಂಶೋಧಕ ಸುಗತ ಮಿತ್ರ ದೆಹಲಿಯ ಕಾಲ್ಕಾಜಿಯಲ್ಲಿ, ಕೊಳೆಗೇರಿಗೆ ಹೊಂದಿದ ಗೋಡೆಯಲ್ಲಿ ಕೂರಿಸಿದ ಕಂಪ್ಯೂಟರ್. ಯಾರೂ ಕಲಿಸದೆ ಮಕ್ಕಳು ಅದನ್ನು ಬಳಸಲು ಕಲಿತರು, ನಿಜ. ಆದರೆ ಅದನ್ನು ನೋಡಿಬಂದ ಸಂಶೋಧಕ ಮಾರ್ಕ್ ವಾರ್ಷಾವರ್ ಬರೆದ ಮಾತು ಅಷ್ಟೇ ಮುಖ್ಯ: ಮಕ್ಕಳ ಹೆಚ್ಚಿನ ಹೊತ್ತು ಚಿತ್ರ ಬಿಡಿಸುವುದರಲ್ಲಿ, ಆಟಗಳಲ್ಲಿ ಹೋಗುತ್ತಿತ್ತು, ಅವರ ಭಾಷೆ ಹಿಂದಿಯಲ್ಲಿ ಹೇಳಿಕೊಳ್ಳುವಂಥ ಸಾಮಗ್ರಿ ಇರಲಿಲ್ಲ. ಕಾಯುವವರಿಲ್ಲದ ಕಡೆ ಬಲವುಳ್ಳ ಹುಡುಗರು ಮುಂದೆ, ಹುಡುಗಿಯರು, ಸಣ್ಣವರು ಹಿಂದೆ. ನಮ್ಮ ರಾಜ್ಯವೂ ಇದರ ಇನ್ನೊಂದು ಮುಖವನ್ನು ನೋಡಿದೆ. 2000ದ ದಶಕದ ಆರಂಭದಲ್ಲಿ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಸಾವಿರ ಪ್ರೌಢಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ಖಾಸಗಿ ತರಬೇತಿ ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. ಕಲಿಸುವ ಕೈ ಗುತ್ತಿಗೆಯದಾದರೆ ಗುತ್ತಿಗೆ ಮುಗಿದ ದಿನ ವಿದ್ಯೆಯೂ ಊರು ಬಿಡುತ್ತದೆ. ವಡೋದರದಲ್ಲಿ ಕೆಲಸ ಮಾಡಿದವರು ಅದೇ ಬೀದಿಯವರು ಎಂಬುದನ್ನು ಆದ್ದರಿಂದ ಮತ್ತೆ ನೆನಪಿಸುತ್ತೇನೆ. ಡಾಬಕಾ ಸುತ್ತಲಿನ ಊರುಗಳಲ್ಲಿ ಪಿಯುಸಿ, ಪದವಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಇದ್ದಾರೆ. ಸಂಜೆ ಎರಡು ತಾಸಿಗೆ ಪಂಚಾಯಿತಿ ಅವರಲ್ಲೊಬ್ಬರಿಗೆ ಗೌರವಧನ ಕೊಡಬಹುದು. ಗ್ರಂಥಾಲಯದ ಮೇಲ್ವಿಚಾರಕರಿಗೆ ಪುಸ್ತಕ, ಪತ್ರಿಕೆ, ಸ್ಪರ್ಧಾ ಪರೀಕ್ಷೆಗೆ ಓದುವವರ ಕೆಲಸವೇ ಸಾಕಷ್ಟಿರುತ್ತದೆ. ಎಲ್ಲವನ್ನೂ ಅವರೊಬ್ಬರ ಹೆಗಲಿಗೆ ಹಾಕುವುದು ಸರಿಯಲ್ಲ.

ಇಲ್ಲಿ ಬಲವಾದ ಆಕ್ಷೇಪಣೆ ಬರುತ್ತದೆ. ಸಾಲಿಯ ಕೋಣೆ ಸೋರುತ್ತಿರುವಾಗ, ಗಣಿತದ ಮೇಷ್ಟ್ರ ಹುದ್ದೆ ಖಾಲಿಯಿರುವಾಗ ಕಂಪ್ಯೂಟರಿನ ಮಾತೇಕೆ? ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಔರಾದನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಇಟ್ಟಿತ್ತು. ಇಂಥ ಕಡೆ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮೇಷ್ಟ್ರ ನೇಮಕಕ್ಕೆ ಕಂಪ್ಯೂಟರ್ ಬದಲಿ ಎಂದು ಯಾವ ಅಧಿಕಾರಿಯಾದರೂ ಹೇಳಿದರೆ ಅದನ್ನು ವಿರೋಧಿಸಲೇಬೇಕು. ಲಿಂಡನ್ ಪರೀಕ್ಷೆಯೇ ಅದಕ್ಕೆ ಆಧಾರ. ಆದರೆ ಸಂಜೆಯ ಮೂಲೆ ಸಾಲಿಯ ಹೊತ್ತನ್ನು ಕೇಳುತ್ತಿಲ್ಲ. ಅದು ನಿಲ್ಲುವುದು ಮನೆಯಲ್ಲಿ ಇಲ್ಲದಿರುವ ನೆರವಿನ ಜಾಗದಲ್ಲಿ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ಬೀದರ್ ಜಿಲ್ಲೆಯದು ಶೇ 70.51. ಹೋಮ್‌ವರ್ಕಿಗೆ ಕೈಹಿಡಿದು ಕೂರಿಸುವಷ್ಟು ಅಕ್ಷರ ಬಲ್ಲವರು ಅನೇಕ ಮನೆಗಳಲ್ಲಿ ಇಲ್ಲ, ಇದ್ದವರಿಗೆ ಹೊತ್ತಿಲ್ಲ. ಸಂವಿಧಾನದ 371ಜೆ ವಿಧಿಯಡಿ ಈ ಭಾಗಕ್ಕೆಂದೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ರಸ್ತೆ, ಕಟ್ಟಡದಷ್ಟೇ ಸಹಜವಾಗಿ ಒಂದು ಊರಿನ ಸಂಜೆಯ ಎರಡು ತಾಸಿಗೂ ಅದರ ಹಣ ಹರಿಯಬೇಕು.

ಮನೆಮನೆಗೂ ಮೊಬೈಲ್ ಬಂದ ಮೇಲೆ ಕಂಪ್ಯೂಟರ್ ಮೂಲೆ ಏಕೆ ಎಂಬುದು ಇನ್ನೊಂದು ಪ್ರಶ್ನೆ. ಮೊಬೈಲ್ ಬಂದಿರುವುದಂತೂ ದಿಟ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಸ್ಮಾರ್ಟ್‌ಫೋನ್ ಇರುವ ಮನೆಗಳ ಮಕ್ಕಳ ಪಾಲು 2018ರಲ್ಲಿ ಶೇ 36ರಷ್ಟಿದ್ದದ್ದು 2022ಕ್ಕೆ ಶೇ 75ರ ಹತ್ತಿರ ಬಂತು. 2024ರ ‘ಅಸರ್’ 14ರಿಂದ 16 ವರ್ಷದವರನ್ನು ಕೇಳಿತು. ಶೇ 82ಕ್ಕೂ ಹೆಚ್ಚು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಅವರಲ್ಲಿ ಹಿಂದಿನ ವಾರ ಕಲಿಕೆಗೆ ಸಂಬಂಧಿಸಿದ ಏನನ್ನಾದರೂ ಮಾಡಿದವರು ಶೇ 57, ಸಾಮಾಜಿಕ ಜಾಲತಾಣ ನೋಡಿದವರು ಶೇ 76. ಫೋನು ನೋಡುವವನ ಸಾಧನ, ಬೆರಳು ಸರಿಸಿದರೆ ಮುಂದಿನದು ತಾನಾಗಿ ಬರುತ್ತದೆ. ಕೀಲಿಮಣೆ, ದೊಡ್ಡ ಪರದೆ ಮಾಡುವವನ ಸಾಧನ, ಮಗು ಏನಾದರೂ ಒತ್ತದ ಹೊರತು ಅಲ್ಲಿ ಏನೂ ಬರದು. ಜೊತೆಗೆ ಫೋನು ಒಬ್ಬರ ಕೈಯಲ್ಲಿ, ಮುಖಕ್ಕೆ ಹತ್ತಿರ, ಬೇರೆಯವರ ಕಣ್ಣಿಗೆ ಬೀಳದಂತೆ ನಡೆಯುವ ವ್ಯವಹಾರ. ಮೂಲೆಯ ಕಂಪ್ಯೂಟರಿನಲ್ಲಿ ಇಬ್ಬರು ಕೂತು ಮಾತಾಡುತ್ತ, ವಾದ ಮಾಡುತ್ತ ಕಲಿಯುತ್ತಾರೆ, ಹಿಂದೆ ನಿಂತವರಿಗೂ ಕಾಣುತ್ತದೆ. ಹುಡುಗಿಯರ ಮಟ್ಟಿಗಂತೂ ಈ ಮೂಲೆ ಬೇಕೇ ಬೇಕು. ಅದೇ ಸಮೀಕ್ಷೆಯಲ್ಲಿ ಫೋನು ಬಳಸಬಲ್ಲವರ ಪೈಕಿ ಸ್ವಂತ ಫೋನು ಇದ್ದದ್ದು ಹುಡುಗರಲ್ಲಿ ಶೇ 36ರಷ್ಟು, ಹುಡುಗಿಯರಲ್ಲಿ ಶೇ 27ರಷ್ಟು.

ಕಣ್ಣಿನ ಬಗ್ಗೆ ತಾಯಂದಿರ ಆತಂಕ ನ್ಯಾಯವಾದದ್ದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಕೊಟ್ಟ ಸಲಹೆಯಂತೆ 5ರಿಂದ 10 ವರ್ಷದ ಮಕ್ಕಳು ದಿನಕ್ಕೆ ಎಲ್ಲ ಪರದೆಗಳೂ ಸೇರಿ ಎರಡು ಗಂಟೆಗಿಂತ ಕಡಿಮೆ ಹೊತ್ತು ನೋಡಬೇಕು. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ ನಲವತ್ತು ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟು ಮೂರು ವರ್ಷ ಗಮನಿಸಿದಾಗ ಅವರಲ್ಲಿ ಸಮೀಪದೃಷ್ಟಿ ಬಂದದ್ದು ಶೇ 30ರಷ್ಟು ಮಕ್ಕಳಿಗೆ. ಹಾಗೆ ಬಿಡದ ಶಾಲೆಗಳಲ್ಲಿ ಶೇ 40ರ ಹತ್ತಿರ. 2015ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ನಮ್ಮ ಮೂಲೆಗೊಂದು ಕಟ್ಟುನಿಟ್ಟಿನ ನಿಯಮ ಸಿಗುತ್ತದೆ: ಸಾಲಿ ಬಿಟ್ಟ ಕೂಡಲೇ ಬಿಸಿಲು ಇಳಿಯುವವರೆಗೆ ಬಯಲಿನಲ್ಲಿ ಆಟ, ಆಮೇಲೆ ಒಳಗೆ. ಒಂದು ಮಗುವಿನ ಸರದಿ ಅರ್ಧ ತಾಸು, ವಾರಕ್ಕೆ ಮೂರೋ ನಾಲ್ಕೋ ದಿನ. ಉಳಿದ ಹೊತ್ತು ಅದೇ ಕೋಣೆಯ ಪುಸ್ತಕಗಳು, ಕೇರಂ, ಚದುರಂಗ, ಹೋಮ್‌ವರ್ಕ್. ಸರದಿ ಕಡಿಮೆಯಾದಷ್ಟೂ ಯಂತ್ರಗಳು ಕಡಿಮೆ ಸಾಕು. ನಾಲ್ಕು ಕಂಪ್ಯೂಟರ್, ತಲಾ ಇಬ್ಬರು, ಒಂದೂವರೆ ತಾಸಿನಲ್ಲಿ ಮೂರು ಸರದಿ ಎಂದರೆ ದಿನಕ್ಕೆ ಇಪ್ಪತ್ತನಾಲ್ಕು ಮಕ್ಕಳು. ದಿನ ಬಿಟ್ಟು ದಿನ ಗುಂಪು ಬದಲಿಸಿದರೆ ನಲವತ್ತೆಂಟು. ಒಂದು ಸಣ್ಣ ಊರಿನ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇದು ಸಾಲುತ್ತದೆ. ಸರದಿಯ ಪಟ್ಟಿಯಲ್ಲಿ ಹುಡುಗಿಯರ ಹೆಸರು ಅರ್ಧದಷ್ಟಿರಬೇಕು, ಕತ್ತಲಾಗುವ ಮೊದಲು ಅವರ ಸರದಿ ಮುಗಿಯಬೇಕು. ಹಳ್ಳಿಯಲ್ಲಿ ಅವರು ಬರುವುದೂ ಬಿಡುವುದೂ ಇದರ ಮೇಲೆ ನಿಂತಿದೆ.

ಮೂಲೆಯನ್ನು ಕಟ್ಟುವ ಬಗೆಯಲ್ಲಿ ಕೆಲವು ಸಣ್ಣ ತಿಳಿವಳಿಕೆಗಳು ದೊಡ್ಡ ಖರ್ಚನ್ನು ಉಳಿಸುತ್ತವೆ. ಪರದೆಗಳೆಲ್ಲ ಕೋಣೆಯ ಒಳಮುಖಕ್ಕೆ ತಿರುಗಿ ಗೋಡೆಗೆ ಸಾಲಾಗಿರಲಿ. ನೋಡಿಕೊಳ್ಳುವವರು ನಡುವೆ ಕೂತರೆ ಎಲ್ಲವೂ ಒಂದೇ ನೋಟಕ್ಕೆ ಕಾಣಬೇಕು. ಕೆಟ್ಟ ದೃಶ್ಯಗಳನ್ನು ತಡೆಯಲು ಯಾವ ತಂತ್ರಾಂಶಕ್ಕಿಂತಲೂ ಇದು ಪರಿಣಾಮಕಾರಿ. ಕಿಟಕಿ ಪರದೆಯ ಎದುರಿಗೂ ಹಿಂದೆಯೂ ಬೇಡ, ಪಕ್ಕದಲ್ಲಿರಲಿ. ದೊಡ್ಡವರ ಕುರ್ಚಿಯಲ್ಲಿ ಮಗುವಿನ ಕಾಲು ನೇತಾಡುತ್ತದೆ, ಕೆಳಗೊಂದು ಹಲಗೆ ಇಟ್ಟರೆ ಸಾಕು. ತಂತಿಗಳು ಗೋಡೆಗೆ ಹೊಡೆದ ಪಟ್ಟಿಯೊಳಗೆ ಹೋಗಲಿ, ಇಲಿ ಕಡಿಯುವುದಕ್ಕೂ ಮಕ್ಕಳ ಕೈಗೂ ಅದೇ ತಡೆ. ಅರ್ಥಿಂಗ್ ಸರಿಯಾಗಿ ಮಾಡಿಸದೆ ಒಂದು ದಿನವೂ ಮಕ್ಕಳನ್ನು ಕೂರಿಸಬಾರದು. ಸಂಜೆಯ ಹೊತ್ತಿಗೇ ಕರೆಂಟು ಕೈಕೊಡುವ ನಮ್ಮ ಕಡೆ ಹೆಚ್ಚು ವಿದ್ಯುತ್ ತಿನ್ನುವ ದೊಡ್ಡ ಯಂತ್ರಗಳಿಗಿಂತ ಪುಟ್ಟ ಪೆಟ್ಟಿಗೆಯ ಕಂಪ್ಯೂಟರುಗಳು ಲೇಸು. ಸಾಧಾರಣ ಇನ್ವರ್ಟರಿನಲ್ಲಿಯೂ ಅವು ನಡೆಯುತ್ತವೆ. ಬೇಸಿಗೆಯ ದೂಳಿಗೆ ಬಟ್ಟೆಯ ಹೊದಿಕೆ, ತಿಂಗಳಿಗೊಮ್ಮೆ ಒಳಗಿನ ದೂಳು ಊದಿಸುವುದು, ಕೆಟ್ಟರೆ ಬೀದರಿನಿಂದಲೋ ಭಾಲ್ಕಿಯಿಂದಲೋ ಬಂದು ರಿಪೇರಿ ಮಾಡುವವರೊಂದಿಗೆ ಮೊದಲೇ ವರ್ಷದ ಒಪ್ಪಂದ. ಕೊಳ್ಳುವ ದಿನವೇ ರಿಪೇರಿಯ ಹಣ ತೆಗೆದಿಡದ ಪಂಚಾಯಿತಿ ಕೊಳ್ಳದಿರುವುದೇ ಮೇಲು.

ಇಂಟರ್‌ನೆಟ್ ಇಲ್ಲವೆಂದು ನಿಲ್ಲಬೇಕಾಗಿಲ್ಲ. ಮಕ್ಕಳಿಗೆ ಅದು ಇಲ್ಲದಿರುವುದೇ ಒಂದು ರಕ್ಷಣೆ. ಕೀವಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ವಿಕಿಪೀಡಿಯವನ್ನು ಇಳಿಸಿಟ್ಟುಕೊಂಡು ಜಾಲವಿಲ್ಲದೆ ಓದಬಹುದು. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಮಕ್ಕಳ ಚಿತ್ರಕಥೆಗಳಿವೆ, ಇಳಿಸಿಕೊಳ್ಳಲು ದುಡ್ಡು ಕೊಡಬೇಕಿಲ್ಲ. ಜಿಕಾಂಪ್ರಿ ಎಂಬ ತಂತ್ರಾಂಶದಲ್ಲಿ ಮಕ್ಕಳು ಎಣಿಕೆ, ಕೂಡುವುದು, ಗಡಿಯಾರ ನೋಡುವುದನ್ನು ಆಟವಾಗಿ ಕಲಿಯುತ್ತಾರೆ, ಟಕ್ಸ್ ಪೇಂಟಿನಲ್ಲಿ ಚಿತ್ರ ಬಿಡಿಸುತ್ತಾರೆ. ಗಡಿನಾಡಿನಲ್ಲಿ ಭಾಷೆಯ ವಿಷಯ ನಾಜೂಕಿನದು. ಮನೆಯಲ್ಲಿ ಮರಾಠಿ ಇಲ್ಲವೇ ಉರ್ದು, ಸಾಲಿಯಲ್ಲಿ ಕನ್ನಡ, ಕಂಪ್ಯೂಟರಿನಲ್ಲಿ ಇಂಗ್ಲಿಷ್ ಎಂದಾದರೆ ಮಗು ಮೂರು ಕಡೆಯೂ ತಡವರಿಸುತ್ತದೆ. ಆದ್ದರಿಂದ ಮೂಲೆಯ ಮೊದಲ ಭಾಷೆ ಕನ್ನಡವಾಗಿರಲಿ, ಮರಾಠಿ ಸಾಲಿಯ ಮಗುವಿಗೆ ಮರಾಠಿ ಕಥೆಯೂ ಸಿಗಲಿ. ಕನ್ನಡ ಟೈಪಿಂಗ್ ಇಲ್ಲಿ ಬರೀ ಉದ್ಯೋಗದ ವಿದ್ಯೆಯಲ್ಲ. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿವಿನ್ಯಾಸದಲ್ಲಿ ‘ಅಕ್ಕ’ ಎಂದು ಮೂಡಿಸಲು ಅ ಒತ್ತಿ, ಕ ಒತ್ತಿ, ಅರ್ಧಾಕ್ಷರದ ಕೀಲಿ ಒತ್ತಿ, ಮತ್ತೆ ಕ ಒತ್ತಬೇಕು. ಒತ್ತಕ್ಷರ ಹುಟ್ಟುವ ಬಗೆ ಮಗುವಿನ ಬೆರಳಿಗೇ ತಿಳಿಯುತ್ತದೆ. ಒತ್ತಕ್ಷರದಲ್ಲಿ ಎಡವುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾನು ಕಾಣೆ. ವಡೋದರದಲ್ಲಿ ಭಾಷೆಗೆ ಸಿಗದ ಲಾಭ ಇಲ್ಲಿ ಸಿಗಬೇಕಾದರೆ ಕಥೆ ಓದುವುದು, ತಮ್ಮ ಊರಿನ ಬಗ್ಗೆ ನಾಲ್ಕು ಸಾಲು ಟೈಪು ಮಾಡುವುದು ಸರದಿಯ ಭಾಗವಾಗಲೇಬೇಕು.

ಯಶಸ್ಸನ್ನು ಅಳೆಯುವ ಬಗೆಯೂ ಬದಲಾಗಲಿ. ಎಷ್ಟು ಕಂಪ್ಯೂಟರ್ ಕೊಟ್ಟೆವು ಎಂಬ ಅಂಕಿ ಮಗುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಷ್ಟು ಸಂಜೆ ಬಾಗಿಲು ತೆರೆಯಿತು, ಎಷ್ಟು ಹುಡುಗಿಯರು ಬಂದರು, ಜೂನ್‌ನಲ್ಲಿ ಕಳೆಯುವ ಲೆಕ್ಕ ಬಾರದಿದ್ದ ಮಕ್ಕಳಲ್ಲಿ ಎಷ್ಟು ಜನರಿಗೆ ಮಾರ್ಚ್ ಹೊತ್ತಿಗೆ ಬಂತು ಎಂಬ ಮೂರು ಸಾಲನ್ನು ಕೇಂದ್ರದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮ ನಮ್ಮಲ್ಲಿದೆ. ಡಾಬಕಾ ಮತ್ತು ಸುತ್ತಲಿನ ಊರುಗಳ ಪಾಲಕರು, ಶಿಕ್ಷಕರು, ಪಂಚಾಯಿತಿ ಸದಸ್ಯರು ಮುಂದಿನ ಸಭೆಯಲ್ಲಿ ಈ ಒಂದು ವಿಷಯವನ್ನು ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ: ಹೊಸ ಯಂತ್ರ ಕೇಳುವ ಮೊದಲು, ಸಂಜೆ ಐದರಿಂದ ಏಳರವರೆಗೆ ಅರಿವು ಕೇಂದ್ರದ ಬಾಗಿಲು ತೆರೆದಿಡುವ ಒಬ್ಬರನ್ನು ಗೊತ್ತುಮಾಡಿ, ಅವರ ಗೌರವಧನವನ್ನು ಈ ವರ್ಷದ ಬಜೆಟ್ಟಿನಲ್ಲಿಯೇ ಬರೆಸಿ.